ಜವಳಿ ವ್ಯಾಪಾರಿಯ ವಿನೆಗರ್ ಪರೀಕ್ಷೆ

ಹಲ್ಲಿಗೆ ಉಪ್ಪು ತಿಕ್ಕಿದವರು ನಮ್ಮ ಹಿರಿಯರು ಮಾತ್ರವೆಂದು ತಿಳಿಯಬೇಕಾಗಿಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ ಆಂಟನಿ ಫಾನ್ ಲೇವನ್‌ಹುಕನೂ (1632–1723) ಬೆಳಿಗ್ಗೆ ಉಪ್ಪಿನಿಂದಲೇ ಹಲ್ಲುಜ್ಜುತ್ತಿದ್ದನು. ಆದರೂ ಸಂದಿಗಳಲ್ಲಿ ಕಲಸಿದ ಹಿಟ್ಟಿನಂಥ ಬಿಳಿಯ ಪಾಚಿ ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ, ತಾನೇ ಉಜ್ಜಿ ಮಾಡಿದ ಮಸೂರದಿಂದ ನೋಡಲಾಗಿ, ಪುಟಾಣಿ ಜೀವಿಗಳು ಚುರುಕಾಗಿ ಓಡಾಡುತ್ತಿದ್ದವು! 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ಬರೆದು ತಿಳಿಸಿದನು. ಲ್ಯಾಟಿನ್ ಬಾರದವನು, ತನ್ನ ಡಚ್ ನುಡಿಯಲ್ಲೇ ಬರೆದನು. ನಮ್ಮಂಥ ಪಂಡಿತರು ಇದನ್ನು ಗಮನಿಸಬೇಕು.

ಅವನ ಮುಂದಿನ ಪರೀಕ್ಷೆಯೇ ನನಗೆ ಹಿರಿದಾಗಿ ತೋರುತ್ತದೆ. ಆ ನೀರಿಗೆ ತುಸು ವಿನೆಗರ್ ಬೆರೆಸಿದನು. ಜೀವಿಗಳು ಕೂಡಲೇ ಸತ್ತವು. ಬೇರೊಬ್ಬನಾಗಿದ್ದರೆ ಔಷಧ ಸಿಕ್ಕಿತೆಂದು ಅಲ್ಲಿಗೇ ಡಂಗುರ ಸಾರುತ್ತಿದ್ದನು. ಇವನು ಕಟುವಾದ ವಿನೆಗರನ್ನು ಬಾಯಿಗೇ ಹಾಕಿಕೊಂಡು, ಹಲ್ಲುಗಳ ನಡುವೆ ಹರಿಸಿ, ನೀರಿನಿಂದ ಮುಕ್ಕಳಿಸಿ, ಮತ್ತೆ ಪಾಚಿ ತೆಗೆದು ನೋಡಿದನು. ಎಷ್ಟೋ ಜೀವಿಗಳು ಬದುಕಿಯೇ ಇದ್ದವು. ವಿನೆಗರ್ ಪಾಚಿಯ ಒಳಹೊಗದೆ ಹೊರಗಿನವನ್ನಷ್ಟೇ ಕೊಂದಿತೆಂದು ತೀರ್ಮಾನಿಸಿದನು. ಪಾಚಿಯು ಒಳಗಿನ ಬ್ಯಾಕ್ಟೀರಿಯಗಳಿಗೆ ಕೋಟೆಯಂತೆ ರಕ್ಷೆಯೆಂಬುದನ್ನು ಇಂದಿನ ದಂತವೈದ್ಯರೂ ಬಲ್ಲರು.

1692ರ ಕಾಗದದಲ್ಲಿ ಸುಡುವ ಕಾಫಿಯ ಸರದಿ. ಅದನ್ನು ಕುಡಿದ ಮೇಲೆ ಮುಂದಿನ ಹಲ್ಲುಗಳ ಜೀವಿಗಳು ಸತ್ತಿದ್ದವು. ದವಡೆಹಲ್ಲುಗಳವು ಓಡಾಡುತ್ತಲೇ ಇದ್ದವು.