ಕದ್ರಿಯ ಮಂಜುನಾಥ ದೇವಾಲಯ

ಮಂಗಳೂರಿನ ಪೇಟೆಯ ಗದ್ದಲವನ್ನು ಹಿಂದಿಟ್ಟು ಕದ್ರಿಯ ಗುಡ್ಡದ ಕಡೆಗೆ ನಡೆದವರಿಗೆ ಮೊದಲು ಕಾಣುವುದು ಶ್ರೀ ಮಂಜುನಾಥನ ದೇವಾಲಯ. ಅದರ ಹಿಂಬದಿಯ ಮೇಲ್ನೆಲದಲ್ಲಿ ಗೋಮುಖದಿಂದ ಸುರಿಯುವ ಚಿಲುಮೆಯೂ ಕೆರೆಗಳ ಗುಂಪೂ ಇವೆ. ಗುಡ್ಡದ ನೆತ್ತಿಯಲ್ಲಿ ಜೋಗಿಗಳ ಮಠವಿದೆ. ಚಿಲುಮೆಯ ನೀರು ಕಾಶಿಯ ಭಾಗೀರಥಿಯಿಂದ ಬರುತ್ತದೆಂಬುದು ಅಲ್ಲಿನವರ ನಂಬಿಕೆ. ಮಳೆಗಾಲದ ನೀರನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಒಸರಿಸುವ ಮುರಕಲ್ಲಿನ ಗುಣವನ್ನು ಬಲ್ಲವರು ಬೇರೊಂದು ಕಾರಣವನ್ನು ಹೇಳಿಯಾರು. ಆದರೂ ಬೇಸಗೆಯ ಮಧ್ಯಾಹ್ನದಲ್ಲಿ ಆ ನೀರನ್ನು ಮುಟ್ಟಿದ ನಾವು ವಾದಕ್ಕೆ ನಿಲ್ಲಲಿಲ್ಲ.

ಕಟ್ಟಡವು ಹಲವು ಸಲ ಜೀರ್ಣೋದ್ಧಾರವನ್ನು ಕಂಡುದು. ಅದರ ಗೋಡೆಗಳಿಂದ ಪ್ರಾಚೀನತೆಯನ್ನು ಅಳೆಯಲಾಗದು. ಪ್ರಾಚೀನತೆಯ ಸಾಕ್ಷಿ ಒಳಗಿರುವ ಒಂದು ಕಂಚಿನ ವಿಗ್ರಹ. ಸುಮಾರು 5 ಅಡಿ ಎತ್ತರದ ಈ ಆಸೀನಮೂರ್ತಿಗೆ ಮೂರು ಮುಖಗಳು, ಆರು ಕೈಗಳು. ಇದರ ಪೀಠದಲ್ಲಿ ಸಂಸ್ಕೃತ ಶ್ಲೋಕರೂಪವಾದ ಶಾಸನವಿದೆ. ಆಳುಪ ವಂಶದ ಕುಂದವರ್ಮನೆಂಬ ಅರಸನು ಕಲಿಯುಗದ 4068ನೆಯ ವರ್ಷದಲ್ಲಿ, ಎಂದರೆ ಕ್ರಿ.ಶ. 968ರಲ್ಲಿ, ಕದರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಅದರಿಂದ ತಿಳಿಯಬರುತ್ತದೆ. ವಿಹಾರವೆಂದರೆ ಬೌದ್ಧ ಭಿಕ್ಷುಗಳ ನೆಲೆ. ಲೋಕೇಶ್ವರನೆಂಬುದು ಕರುಣಾಮೂರ್ತಿಯಾದ ಅವಲೋಕಿತೇಶ್ವರ ಬೋಧಿಸತ್ತ್ವನ ಹೆಸರು. ವಿಗ್ರಹದ ಕಿರೀಟದಲ್ಲಿ ಕಾಣುವ ಧ್ಯಾನಿಬುದ್ಧನ ಕಿರುಮೂರ್ತಿಯೂ ಈ ಅರ್ಥವನ್ನೇ ಬಲಪಡಿಸುತ್ತದೆ.

ಇಷ್ಟನ್ನು ಕೇಳಿದೊಡನೆ 'ಹಾಗಾದರೆ ಈ ಗುಡಿ ಮೊದಲು ಅವರದು, ಆಮೇಲೆ ಇವರದಾಯಿತು' ಎಂದು ತೀರ್ಪು ಕೊಡುವವರುಂಟು. ಅದನ್ನು ಕೇಳಿ ಮುನಿದು ಶಾಸನವನ್ನೇ ಅಲ್ಲಗಳೆಯುವವರೂ ಉಂಟು. ಈ ಎರಡು ಪಕ್ಷದವರೂ ಶಾಸನವನ್ನು ಪೂರ್ತಿಯಾಗಿ ಓದಿದವರಲ್ಲವೆಂದೇ ನಾವು ತಿಳಿಯುತ್ತೇವೆ. ಏಕೆಂದರೆ ಬೋಧಿಸತ್ತ್ವನನ್ನು ಸ್ಥಾಪಿಸಿದ ಆ ಕುಂದವರ್ಮನನ್ನು ಅದೇ ಶಾಸನವು ಚಂದ್ರಶೇಖರನ ಪಾದಕಮಲದ ದುಂಬಿಯೆಂದು ಬಣ್ಣಿಸುತ್ತದೆ. ವಿಹಾರಕ್ಕೆ ವಿಗ್ರಹವನ್ನು ಕೊಟ್ಟವನು ಶಿವಭಕ್ತ! ಸಾವಿರ ವರ್ಷಗಳ ಹಿಂದಿನ ಆ ಅರಸನಿಗೆ ಇದರಲ್ಲಿ ಯಾವ ವಿರೋಧವೂ ತೋರಲಿಲ್ಲ, ತೋರುತ್ತಿರುವುದು ನಮಗೆ.

ದೂರದ ಒಂದು ನಿದರ್ಶನವನ್ನು ಇಲ್ಲಿ ನೆನೆಯಬಹುದು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಸೇಂಟ್ ಜೈಲ್ಸ್ ಎಂಬ ಪುರಾತನ ಇಗರ್ಜಿಯಿದೆ. ಅಲ್ಲಿ ಮತಸುಧಾರಣೆಯ ಬಿರುಗಾಳಿ ಎದ್ದಾಗ ಆ ಸಂತನ ವಿಗ್ರಹವನ್ನು ಕದ್ದೊಯ್ದು ಕೆರೆಯಲ್ಲಿ ಮುಳುಗಿಸಿ, ಬಳಿಕ ಸುಟ್ಟರು. ಮುಂದೆ ಗೋಡೆಗಳನ್ನು ಎಬ್ಬಿಸಿ ಒಂದೇ ಇಗರ್ಜಿಯನ್ನು ಹಲವು ಸಭೆಗಳಿಗೆ ಹಂಚಿದರು. ಅದರ ಒಂದು ಭಾಗವು ಸೆರೆಮನೆಯೂ ಆಗಿದ್ದಿತು. ಕಲ್ಲು ಉಳಿಯಿತು, ಮೂರ್ತಿ ಹೋಯಿತು. ಕದ್ರಿಯಲ್ಲಿ ಭಿಕ್ಷುಗಳು ಇಲ್ಲವಾದರು, ಮೂರ್ತಿ ಉಳಿಯಿತು. ಅದು ಅನ್ಯರ ದೇವರೆಂದು ಹೊರಹಾಕಲ್ಪಡದೆ, ಶಿವಾಲಯದ ಪರಿವಾರದಲ್ಲಿಯೇ ಪೂಜೆಗೊಳ್ಳುತ್ತ ಬಂದಿದೆ.

ಈ ಮಾರ್ಪಾಟಿನ ನಡುವೆ ನಿಂತವರು ನಾಥಪಂಥದ ಜೋಗಿಗಳು. ಮತ್ಸ್ಯೇಂದ್ರನಾಥ, ಗೋರಖನಾಥರನ್ನು ಗುರುಗಳೆನ್ನುವ ಇವರು ಶೈವರು; ಆದರೆ ಇವರ ಯೋಗಸಾಧನೆಯಲ್ಲಿ ಕೊನೆಗಾಲದ ಬೌದ್ಧಮಾರ್ಗದ ನೆರಳೂ ಇದೆ. ಕದ್ರಿ ಎಂಬ ಹೆಸರನ್ನು ಇವರು ಕದಳೀವನದಿಂದ ಬಂದುದೆನ್ನುತ್ತಾರೆ. ಮಂಜುನಾಥ ಎಂಬ ಹೆಸರಿನ ಮೂಲವು ಮಂಜುಘೋಷನೆಂಬ ಬೋಧಿಸತ್ತ್ವನೆಂದು ಮಂಜೇಶ್ವರದ ಗೋವಿಂದ ಪೈಗಳು ವಾದಿಸಿದರು. ಅದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನಮಗಾದರೋ, ಹೆಸರಿನ ಕೊನೆಯಲ್ಲಿರುವ 'ನಾಥ' ಎಂಬುದನ್ನೂ ಅಷ್ಟೇ ಗಮನಿಸಬೇಕೆಂದು ತೋರುತ್ತದೆ.

1623ರಲ್ಲಿ ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲೆ ಎಂಬ ಪ್ರವಾಸಿ, ಜೋಗಿಗಳ ಅರಸನನ್ನು ಕಾಣಬೇಕೆಂದು ಕದ್ರಿಗೆ ಬಂದನು. ಆಗ ನಾಡು ಕೆಳದಿಯ ವೆಂಕಟಪ್ಪ ನಾಯಕನ ಕೈಯಲ್ಲಿತ್ತು. ಸಿಂಹಾಸನವನ್ನು ನಿರೀಕ್ಷಿಸಿದ್ದವನಿಗೆ ಕಂಡುದು ಒಕ್ಕಲಿಗನಂತೆ ದುಡಿಮೆಯಲ್ಲಿ ತೊಡಗಿದ್ದ ಗಟ್ಟಿಮುಟ್ಟಾದ ಮುದುಕ: ನೀಳವಾದ ಬಿಳಿಯ ಗಡ್ಡ, ತಲೆಗೆ ಚಿಕ್ಕ ಕೆಂಪು ಟೊಪ್ಪಿಗೆ, ಜೋತುಬಿದ್ದ ಕಿವಿಗಳಲ್ಲಿ ಕೋವಿಯ ಗುಂಡಿನಷ್ಟು ದಪ್ಪನೆಯ ಹೊಂಬಣ್ಣದ ಗುಂಡುಗಳು. ಆ ಗುಂಡುಗಳು ಟೊಳ್ಳೋ ಗಟ್ಟಿಯೋ ತಿಳಿಯದೆಂದು ಪ್ರವಾಸಿ ಬರೆದಿಟ್ಟಿದ್ದಾನೆ. ಇಂತಹ ಸಣ್ಣ ಸಂದೇಹಗಳನ್ನು ಮುಚ್ಚಿಡದ ಬರಹಗಾರನ ಮಾತನ್ನು ನಾವು ನಂಬಬಹುದು.

ಆ ಅರಸುತನವು ಇನ್ನೂ ಅಳಿದಿಲ್ಲ. 12 ವರ್ಷಗಳಿಗೊಮ್ಮೆ ನಾಸಿಕದ ಸಿಂಹಸ್ಥ ಪರ್ವಕಾಲದಲ್ಲಿ ಜೋಗಿಗಳ ತಂಡವೊಂದು ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಹೊರಟು, ತಿಂಗಳುಗಟ್ಟಲೆ ನಡೆದು ಕದ್ರಿಯನ್ನು ಸೇರುತ್ತದೆ. ಹಳೆಯ ಅರಸನು ಇಳಿದು ಹೊಸಬನು ಪಟ್ಟವೇರುವುದು ಆಗಲೇ. 2015ರಲ್ಲಿ ಹೊರಟ ತಂಡವು 2016ರ ಶಿವರಾತ್ರಿಯ ಹೊತ್ತಿಗೆ ಗುಡ್ಡವನ್ನೇರಿತು. ಕೆಳಗಿನ ದೇವಾಲಯದಲ್ಲಿ ಮಂಜುನಾಥನಿಗೆ ಮಂಗಳಾರತಿಯಾಗುವಾಗ, ಲೋಕೇಶ್ವರನು ಕುಂದವರ್ಮನು ಕೆತ್ತಿಸಿದ ಆ ಅಕ್ಷರಗಳ ಮೇಲೆ ಕುಳಿತೇ ಇದ್ದನು.