ಮೈಲುತುತ್ತ ಮತ್ತು ತೊರೆಯ ಜಲಚರಗಳು: 48 ಗಂಟೆಗಳ ವಿಷತ್ವ ಪರೀಕ್ಷೆಯನ್ನು ಕೊಡಗಿನ ನೀರಿಗೆ ಅನ್ವಯಿಸುವುದು ಹೇಗೆ?

ಮುಂಗಾರು ಸಮೀಪಿಸುತ್ತಿದ್ದಂತೆ ಕೊಡಗಿನ ತೋಟಗಳಲ್ಲಿ ಬೋರ್ಡೋ ದ್ರಾವಣದ ಸಿದ್ಧತೆ ಆರಂಭವಾಗುತ್ತದೆ. ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇ. 0.5ರ ದ್ರಾವಣವನ್ನೂ, ಅಡಿಕೆಯ ಕೊಳೆ ರೋಗ ಮತ್ತು ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಶೇ. 1ರ ದ್ರಾವಣವನ್ನೂ ಸಿಂಪಡಿಸುವುದು ರೂಢಿಯಲ್ಲಿದೆ. ಈ ರೋಗಗಳಿಂದಾಗುವ ನಷ್ಟವನ್ನು ಬಲ್ಲವರಾರೂ ಬೋರ್ಡೋ ದ್ರಾವಣವನ್ನು ಕೈಬಿಡಿ ಎಂದು ಹೇಳಲಾರರು. ಆದರೆ ಅದರಲ್ಲಿರುವ ತಾಮ್ರವು ತೋಟದಲ್ಲಿಯೇ ಉಳಿಯಬೇಕು, ತೊರೆಗೆ ಸೇರಬಾರದು. ಇದಕ್ಕೆ ಕಾರಣವನ್ನು ಅರಿಯಲು ಜಲಚರಗಳ ಅಲ್ಪಾವಧಿ ವಿಷತ್ವ ಪರೀಕ್ಷೆಯ ಪರಿಚಯ ಅಗತ್ಯ.

ಪರೀಕ್ಷೆಯ ವಿಧಾನ

ಸಿಹಿನೀರಿನ ಬೆನ್ನೆಲುಬಿಲ್ಲದ ಜೀವಿಗಳ ಮೇಲೆ ರಾಸಾಯನಿಕಗಳ ಪರಿಣಾಮವನ್ನು ಅಳೆಯಲು ವಿಶ್ವದಾದ್ಯಂತ ಡಾಫ್ನಿಯಾ ಎಂಬ ಜೀವಿಯನ್ನು ಬಳಸುತ್ತಾರೆ. ಕನ್ನಡದಲ್ಲಿ ಇದನ್ನು ನೀರು ಚಿಗಟ ಎನ್ನುವುದುಂಟು. ವಾಸ್ತವವಾಗಿ ಇದು ಕೀಟವಲ್ಲ. ಏಡಿ ಮತ್ತು ಸಿಗಡಿಗಳ ಬಳಗಕ್ಕೆ ಸೇರಿದ ಅತಿ ಸಣ್ಣ ಜೀವಿ. ಪಾಚಿಯನ್ನು ತಿಂದು ಬದುಕುವ ಇದು ಮೀನುಮರಿಗಳಿಗೆ ಆಹಾರವಾಗುತ್ತದೆ.

ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 202ನೇ ಮಾರ್ಗಸೂಚಿಯು ಈ ಪರೀಕ್ಷೆಯ ಕ್ರಮವನ್ನು ನಿಗದಿಪಡಿಸಿದೆ. ಈಗ ಬಳಕೆಯಲ್ಲಿರುವುದು 2004ರ ಪರಿಷ್ಕೃತ ರೂಪ. ಅದರ ಮುಖ್ಯಾಂಶಗಳು ಹೀಗಿವೆ:

1. ಹುಟ್ಟಿ 24 ಗಂಟೆಗಳಾಗದ ಮರಿಗಳನ್ನು ಮಾತ್ರ ಬಳಸಬೇಕು.
2. ರಾಸಾಯನಿಕವನ್ನು ಕನಿಷ್ಠ ಐದು ಸಾಂದ್ರತೆಗಳಲ್ಲಿ ಪರೀಕ್ಷಿಸಬೇಕು. ಪ್ರತಿ ಸಾಂದ್ರತೆಗೆ ಕನಿಷ್ಠ 20 ಮರಿಗಳಿರಬೇಕು.
3. ರಾಸಾಯನಿಕವಿಲ್ಲದ ನೀರಿನಲ್ಲಿಯೂ ಅಷ್ಟೇ ಮರಿಗಳನ್ನು ಹೋಲಿಕೆಗಾಗಿ ಇಡಬೇಕು. ಇವುಗಳಲ್ಲಿ ಶೇ. 10ಕ್ಕಿಂತ ಹೆಚ್ಚು ನಿಶ್ಚಲವಾದರೆ ಇಡೀ ಪರೀಕ್ಷೆ ಅಸಿಂಧು.
4. ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಇರಬೇಕು. ಪರೀಕ್ಷೆಯ ಅವಧಿಯಲ್ಲಿ ಆಹಾರ ನೀಡಬಾರದು.
5. 24 ಮತ್ತು 48 ಗಂಟೆಗಳ ನಂತರ ಪಾತ್ರೆಯನ್ನು ಮೆಲ್ಲಗೆ ಅಲುಗಾಡಿಸಬೇಕು. 15 ಸೆಕೆಂಡುಗಳೊಳಗೆ ಈಜದ ಮರಿಯನ್ನು ನಿಶ್ಚಲ ಎಂದು ಎಣಿಸಬೇಕು.

ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಸಾಂದ್ರತೆಯನ್ನು ಲೆಕ್ಕಹಾಕಿ 'ಇಸಿ 50' ಎಂದು ವರದಿ ಮಾಡುತ್ತಾರೆ. ಈ ಸಂಖ್ಯೆ ಕಡಿಮೆಯಿದ್ದಷ್ಟೂ ರಾಸಾಯನಿಕದ ವಿಷತ್ವ ಹೆಚ್ಚು. ಇದು ಸುರಕ್ಷಿತ ಮಿತಿಯಲ್ಲ ಎಂಬುದನ್ನು ಗಮನಿಸಿ. ಆ ಮಟ್ಟದಲ್ಲಿ ಅರ್ಧದಷ್ಟು ಜೀವಿಗಳು ಈಗಾಗಲೇ ಚಲನೆ ಕಳೆದುಕೊಂಡಿರುತ್ತವೆ. ಸಂತಾನೋತ್ಪತ್ತಿ ಕುಂಠಿತವಾಗುವಂತಹ ನಿಧಾನ ಪರಿಣಾಮಗಳು ಎರಡು ದಿನಗಳಲ್ಲಿ ತಿಳಿಯುವುದಿಲ್ಲ. ಅದಕ್ಕೆ 21 ದಿನಗಳ ಬೇರೊಂದು ಪರೀಕ್ಷೆಯಿದೆ.

ಕೊಡಗಿನ ನೀರಿನಲ್ಲಿ ತಾಮ್ರ ಹೆಚ್ಚು ಅಪಾಯಕಾರಿ ಏಕೆ?

ಡಾಫ್ನಿಯಾ ಮ್ಯಾಗ್ನಾ ಪ್ರಭೇದದ ಪರೀಕ್ಷೆಗೆ ಪ್ರತಿ ಲೀಟರಿಗೆ 140ರಿಂದ 250 ಮಿಲಿಗ್ರಾಂ ಗಡಸುತನದ ನೀರನ್ನು ಮಾರ್ಗಸೂಚಿ ಶಿಫಾರಸು ಮಾಡುತ್ತದೆ. ಅಂದರೆ ಅದು ಸುಣ್ಣಾಂಶ ಹೆಚ್ಚಿರುವ ನೀರು. ನಮ್ಮ ಗುಡ್ಡಗಳ ಶಿಲೆಗಳಲ್ಲಿ ಸುಣ್ಣಾಂಶ ಕಡಿಮೆ, ಮಳೆ ಅಧಿಕ. ಆದ್ದರಿಂದ ಕಾವೇರಿ, ಲಕ್ಷ್ಮಣತೀರ್ಥ, ಹಾರಂಗಿಗಳನ್ನು ಸೇರುವ ತೊರೆಗಳಲ್ಲಿ ಹರಿಯುವುದು ಮೆದು ನೀರು.

ತಾಮ್ರದ ವಿಷಯದಲ್ಲಿ ಈ ವ್ಯತ್ಯಾಸ ನಿರ್ಣಾಯಕ. ಸಿಹಿನೀರಿನ ಜೀವಿಗಳು ಕಿವಿರು ಮತ್ತು ದೇಹದ ಮೇಲ್ಮೈಯ ಮೂಲಕ ನೀರಿನಿಂದ ಸೋಡಿಯಂ ಅನ್ನು ಹೀರಿಕೊಳ್ಳುತ್ತವೆ. ಕರಗಿದ ತಾಮ್ರವು ಅಲ್ಲಿ ಅಂಟಿಕೊಂಡು ಈ ಕ್ರಿಯೆಗೆ ತಡೆಯೊಡ್ಡುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಆ ಸ್ಥಾನಗಳಿಗಾಗಿ ತಾಮ್ರದೊಡನೆ ಪೈಪೋಟಿ ನಡೆಸುತ್ತದೆ. ಮೆದು ನೀರಿನಲ್ಲಿ ಆ ರಕ್ಷಣೆಯಿಲ್ಲ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಜಲಚರಗಳ ರಕ್ಷಣೆಗಾಗಿ ರೂಪಿಸಿದ್ದ ಗಡಸುತನ ಆಧಾರಿತ ಸೂತ್ರ ಇದನ್ನು ಸ್ಪಷ್ಟಪಡಿಸುತ್ತದೆ. ಅದರಂತೆ ಅಲ್ಪಾವಧಿಯಲ್ಲಿ ಇರಬಹುದಾದ ಕರಗಿದ ತಾಮ್ರದ ಮಿತಿ, ಗಡಸುತನ 100 ಮಿಲಿಗ್ರಾಂ ಇದ್ದಾಗ ಲೀಟರಿಗೆ ಸುಮಾರು 13 ಮೈಕ್ರೋಗ್ರಾಂ. 50 ಇದ್ದಾಗ ಸುಮಾರು 7. 25 ಇದ್ದಾಗ ಸುಮಾರು 4 ಮಾತ್ರ. ಮಣ್ಣಿನಿಂದ ಬರುವ ಸಾವಯವ ಅಂಶಗಳು ತಾಮ್ರವನ್ನು ಹಿಡಿದಿಟ್ಟು ವಿಷತ್ವವನ್ನು ತಗ್ಗಿಸುವುದರಿಂದ 2007ರಲ್ಲಿ ಆ ಸಂಸ್ಥೆ ಇನ್ನಷ್ಟು ಅಂಶಗಳನ್ನು ಪರಿಗಣಿಸುವ ಮಾದರಿಗೆ ಬದಲಾಯಿಸಿತು. ಆದರೂ ಮೂಲ ತತ್ತ್ವ ಬದಲಾಗಿಲ್ಲ.

ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಅಂದರೆ 50 ಮೈಕ್ರೋಗ್ರಾಂ. ಹೀಗಾಗಿ ನಾವು ನಿಶ್ಚಿಂತೆಯಿಂದ ಕುಡಿಯಬಹುದಾದ ನೀರು ಕೂಡ ನೀರು ಚಿಗಟಕ್ಕೆ ಮಾರಕವಾಗಬಲ್ಲದು. ನೀರು ತಿಳಿಯಾಗಿದೆ, ದನಕರುಗಳು ಕುಡಿಯುತ್ತಿವೆ ಎಂಬ ಆಧಾರದ ಮೇಲೆ ತೊರೆಯ ಆರೋಗ್ಯವನ್ನು ನಿರ್ಧರಿಸಬಾರದು.

ಒಂದು ಸರಳ ಲೆಕ್ಕ

ಶೇ. 1ರ ಬೋರ್ಡೋ ದ್ರಾವಣದ 100 ಲೀಟರಿನಲ್ಲಿ 1 ಕಿ.ಗ್ರಾಂ ಮೈಲುತುತ್ತವಿರುತ್ತದೆ. ಮೈಲುತುತ್ತದ ಸುಮಾರು ಕಾಲುಭಾಗ ತಾಮ್ರ. ಅಂದರೆ ಪ್ರತಿ ಲೀಟರಿನಲ್ಲಿ ಸುಮಾರು 2.5 ಗ್ರಾಂ ತಾಮ್ರ. ಡ್ರಮ್ಮಿನ ತಳದಲ್ಲಿ ಉಳಿದ 2 ಲೀಟರನ್ನು ತೊರೆಗೆ ಚೆಲ್ಲಿದರೆ 5 ಗ್ರಾಂ ತಾಮ್ರ ನೀರಿಗೆ ಸೇರುತ್ತದೆ. ಅದೆಲ್ಲವೂ ಕರಗಿದರೆ, ಲೀಟರಿಗೆ 5 ಮೈಕ್ರೋಗ್ರಾಂ ಮಟ್ಟಕ್ಕೆ ಇಳಿಸಲು 10 ಲಕ್ಷ ಲೀಟರ್ ನೀರು ಬೇಕು.

ಸರಿಯಾಗಿ ತಯಾರಿಸಿದ ದ್ರಾವಣದಲ್ಲಿ ತಾಮ್ರದ ಬಹುಪಾಲು ಸುಣ್ಣದೊಡನೆ ಸೇರಿ ಕರಗದ ರೂಪದಲ್ಲಿರುತ್ತದೆ. ಸುಣ್ಣ ಕಡಿಮೆಯಾದರೆ ಅಥವಾ ಹಳತಾಗಿದ್ದರೆ ಮುಕ್ತ ತಾಮ್ರ ಉಳಿಯುತ್ತದೆ. ಅದು ಎಲೆಗಳನ್ನು ಸುಡುತ್ತದೆ, ಜಲಚರಗಳನ್ನೂ ಕೊಲ್ಲುತ್ತದೆ. ಕರಗದ ತಾಮ್ರವೂ ನಿರಪಾಯಕಾರಿಯಲ್ಲ. ಅದು ತೊರೆಯ ತಳದ ಕೆಸರಿನಲ್ಲಿ ಸಂಗ್ರಹವಾಗುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

• ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಹೊಳಪುಳ್ಳ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕಂಡರೆ ಮುಕ್ತ ತಾಮ್ರವಿದೆಯೆಂದು ತಿಳಿದು, ಲೇಪ ಕಾಣದಾಗುವವರೆಗೆ ಸುಣ್ಣದ ತಿಳಿ ಸೇರಿಸಿ.
• ದ್ರಾವಣವನ್ನು ತೊರೆ, ಕೆರೆ, ಬಾವಿಗಳಿಂದ ದೂರದ ಸಮತಟ್ಟಾದ ಜಾಗದಲ್ಲಿ ತಯಾರಿಸಿ. ನೀರನ್ನು ಅಲ್ಲಿಗೆ ಒಯ್ಯಿರಿ. ಡ್ರಮ್ಮನ್ನು ನೀರಿನ ಬಳಿಗೆ ಒಯ್ಯಬೇಡಿ.
• ಆ ದಿನಕ್ಕೆ ಬೇಕಾದಷ್ಟನ್ನೇ ತಯಾರಿಸಿ. ಸಿಂಪರಣಾ ಯಂತ್ರ ತೊಳೆದ ನೀರನ್ನು ತೋಟದೊಳಗೇ ಗಿಡಗಳಿಗೆ ಸಿಂಪಡಿಸಿ.
• ಮಳೆ ಸುರಿಯುವ ಸೂಚನೆಯಿದ್ದರೆ ಸಿಂಪರಣೆಯನ್ನು ಮುಂದೂಡಿ.
• ತೊರೆಯಂಚಿನ ಹುಲ್ಲು ಮತ್ತು ಪೊದೆಗಳನ್ನು ಕಡಿಯದೆ ಉಳಿಸಿ. ಕೊಚ್ಚಿಬರುವ ಮಣ್ಣನ್ನು ಅವು ತಡೆಯುತ್ತವೆ.
• ಪೀಡೆನಾಶಕಗಳ ಪೊಟ್ಟಣದ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಸಸ್ತನಿಗಳಿಗಾಗುವ ವಿಷತ್ವವನ್ನು ಆಧರಿಸಿವೆ. ಹಸಿರು ಗುರುತು ತೊರೆಗೆ ಸುರಕ್ಷಿತ ಎಂಬ ಭರವಸೆಯಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ

ವಿಷತ್ವದ ಅಂಕಿಯನ್ನು ರೈತರಿಗೆ ತಿಳಿಸುವ ಮುನ್ನ ನಾಲ್ಕು ಅಂಶಗಳನ್ನು ಪರಿಶೀಲಿಸಿ: ಯಾವ ಜೀವಿ, ಎಷ್ಟು ಗಂಟೆ, ನೀರಿನ ಗಡಸುತನವೆಷ್ಟು, ಅಳೆದದ್ದು ಕರಗಿದ ತಾಮ್ರವೋ ಒಟ್ಟು ತಾಮ್ರವೋ. ಗಡಸುತನ ನಮೂದಿಸದ ಅಂಕಿಯನ್ನು ಕೊಡಗಿನ ತೊರೆಗಳಿಗೆ ನೇರವಾಗಿ ಅನ್ವಯಿಸಬೇಡಿ.

ಸಿಂಪರಣೆಗೆ ಮೊದಲು ಮತ್ತು ಒಂದು ವಾರದ ನಂತರ ತೊರೆಯ ಕಲ್ಲುಗಳನ್ನು ಮಗುಚಿ ಏಡಿಮರಿಗಳು ಹಾಗೂ ನೀರುಹುಳುಗಳನ್ನು ಎಣಿಸುವ ಅಭ್ಯಾಸವನ್ನು ರೈತ ಗುಂಪುಗಳಲ್ಲಿ ಬೆಳೆಸಬಹುದು. ಪ್ರವಾಹವೂ ಜೀವಿಗಳನ್ನು ಕೊಚ್ಚಿಕೊಂಡು ಹೋಗುವುದರಿಂದ ತೋಟದ ಮೇಲ್ಭಾಗ ಮತ್ತು ಕೆಳಭಾಗ ಎರಡೂ ಕಡೆ ಒಂದೇ ದಿನ ಎಣಿಸಿ ಹೋಲಿಸಬೇಕು. ಇದು ಪ್ರಯೋಗಾಲಯ ಪರೀಕ್ಷೆಗೆ ಪರ್ಯಾಯವಲ್ಲ. ಮುನ್ನೆಚ್ಚರಿಕೆಯ ಸಾಧನ ಮಾತ್ರ.

ಮೀನು ಅಥವಾ ಏಡಿಗಳು ಸತ್ತು ತೇಲಿದರೆ ಅವುಗಳನ್ನು ಯಾರೂ ತಿನ್ನದಂತೆ ಎಚ್ಚರಿಸಿ. ಜಾನುವಾರುಗಳನ್ನು ದೂರವಿಡಿ. ತಾಮ್ರದ ವಿಶ್ಲೇಷಣೆಗೆ ಶುದ್ಧ ಪ್ಲಾಸ್ಟಿಕ್ ಬಾಟಲಿಯಲ್ಲಿ, ಕೀಟನಾಶಕದ ವಿಶ್ಲೇಷಣೆಗೆ ಗಾಜಿನ ಬಾಟಲಿಯಲ್ಲಿ ನೀರಿನ ಮಾದರಿ ಸಂಗ್ರಹಿಸಿ. ಸ್ಥಳ, ವೇಳೆ ಮತ್ತು ಸಿಂಪಡಿಸಿದ ವಸ್ತುಗಳ ವಿವರ ಬರೆದಿಟ್ಟು, ವಿಳಂಬವಿಲ್ಲದೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ.