ಕಿಂಡಿಗೆ ಬಿದ್ದ ಬೀಗ

ಡಬ್ಲಿನ್‌ನ ಪಶ್ಚಿಮಕ್ಕೆ ಲಿಫಿ ನದಿಯ ದಂಡೆಯಲ್ಲಿರುವ ಲೂಕನ್ ಹಿಂದೆ ಹಳ್ಳಿ, ಈಗ ಕಚೇರಿಗೆ ಹೋಗಿಬರುವವರ ಊರು. ಕೌಂಟಿಯ ಗಡಿ ದಾಟಿದರೆ ಲೀಕ್ಸ್‌ಲಿಪ್. ಅಲ್ಲಿ ಚಿಪ್ ಕಾರ್ಖಾನೆ ಕಟ್ಟುವುದಾಗಿ ಇಂಟೆಲ್ ಪ್ರಕಟಿಸಿದ್ದು 1989ರಲ್ಲಿ. ಅದೇ ಊರಿನಲ್ಲಿ ಎಚ್‌ಪಿ ಕಂಪನಿ 1990ರ ದಶಕದ ನಡುವಿನಿಂದ 2017ರವರೆಗೆ ಪ್ರಿಂಟರ್‌ಗಳ ಶಾಯಿ ಕಾರ್ಟ್ರಿಜ್ ತಯಾರಿಸುತ್ತಿತ್ತು. ಲೂಕನ್‌ನ ದಕ್ಷಿಣಕ್ಕೆ ಗ್ರೇಂಜ್ ಕ್ಯಾಸಲ್‌ನಲ್ಲಿ ಮೈಕ್ರೋಸಾಫ್ಟ್‌ನ ಡೇಟಾ ಸೆಂಟರ್ 2009ರಲ್ಲಿ ಶುರುವಾಯಿತು. ಲೂಕನ್ ಮತ್ತು ಪಕ್ಕದ ಆಡಮ್ಸ್‌ಟೌನ್‌ನಲ್ಲಿ ಮನೆ ಮಾಡಿರುವ ಭಾರತೀಯರಲ್ಲಿ ಕನ್ನಡದ ಕುಟುಂಬಗಳೂ ಇವೆ. ಬೆಂಗಳೂರಿನಿಂದ ಅಲ್ಲಿಗೆ ಹೋದವರಿಗೆ ಹವಾಮಾನ ಬೇರೆ, ಊಟ ಬೇರೆ, ಆದರೆ ಕಚೇರಿಯ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್ ಚುಚ್ಚಿದರೆ ಪರದೆಯ ಮೂಲೆಯಲ್ಲಿ ಬರುವ ‘ಅನುಮತಿ ಇಲ್ಲ’ ಎಂಬ ಸೂಚನೆ ಮಾತ್ರ ಎರಡೂ ಕಡೆ ಒಂದೇ. ನೌಕರರ ಮೇಲೆ ಮಾಲೀಕರಿಗಿರುವ ಅಪನಂಬಿಕೆಯೇ ಇದಕ್ಕೆ ಕಾರಣ ಎಂಬುದು ರೂಢಿಯ ವಿವರಣೆ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಕಂಪ್ಯೂಟರಿನ ಬೆನ್ನಿನಲ್ಲಿದ್ದ ಹಲವು ಕಿಂಡಿಗಳು ಹೋಗಿ ಒಂದೇ ಕಿಂಡಿ ಬಂದ ಚರಿತ್ರೆಯಲ್ಲಿದೆ, ಮತ್ತು ನನ್ನ ಮಟ್ಟಿಗೆ ಆ ಅರ್ಧವೇ ಹೆಚ್ಚು ತೂಕದ್ದು.

1990ರ ಆಸುಪಾಸಿನ ಕಚೇರಿ ಕಂಪ್ಯೂಟರನ್ನು ತಿರುಗಿಸಿ ನೋಡಿದರೆ ಕೀಬೋರ್ಡಿಗೆ ದುಂಡಗಿನ ಕಿಂಡಿ, ಮೌಸ್ ಅಥವಾ ಮೋಡೆಮ್‌ಗೆ ಒಂಬತ್ತು ಪಿನ್ನಿನದು, ಪ್ರಿಂಟರಿಗೆ ಇಪ್ಪತ್ತೈದು ಪಿನ್ನಿನ ಅಗಲದ್ದು ಕಾಣುತ್ತಿತ್ತು. ಕೀಬೋರ್ಡಿನ ಜಾಗದಲ್ಲಿ ಪ್ರಿಂಟರಿನ ಕೇಬಲ್ ಕೂರುತ್ತಿರಲಿಲ್ಲ. ಯಾರೂ ಅದನ್ನು ಭದ್ರತೆ ಎಂದು ಕರೆಯಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ. ಆಕಾರವೇ ಅನುಮತಿಯ ಕೆಲಸ ಮಾಡುತ್ತಿತ್ತು. ಮಾಹಿತಿ ಒಳಬರಲು, ಹೊರಹೋಗಲು ಇದ್ದ ಮುಖ್ಯ ದಾರಿ ಫ್ಲಾಪಿ. ಐರ್ಲೆಂಡಿಗಂತೂ ಫ್ಲಾಪಿ ಅನುಮಾನದ ವಸ್ತುವಲ್ಲ, ಅನ್ನ ಕೊಟ್ಟ ಸರಕು: ಮೈಕ್ರೋಸಾಫ್ಟ್ 1985ರಲ್ಲಿ ಡಬ್ಲಿನ್‌ನ ಸ್ಯಾಂಡಿಫರ್ಡ್‌ನಲ್ಲಿ ನೆಲೆಯೂರಿದ್ದೇ ತಂತ್ರಾಂಶವನ್ನು ಡಿಸ್ಕ್‌ಗಳಿಗೆ ನಕಲು ಮಾಡಿ ಯುರೋಪಿಗೆ ಕಳಿಸಲು. ಮರುವರ್ಷ, 1986ರಲ್ಲಿ, ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ವೈರಸ್ ಅದೇ ಬಗೆಯ ಡಿಸ್ಕ್‌ಗಳನ್ನು ಹತ್ತಿ ದೇಶಾಂತರ ಹೋಯಿತು. ಕಚೇರಿಗಳ ಉತ್ತರ ಸರಳವಾಗಿತ್ತು: ಡ್ರೈವಿನ ಬಾಯಿಗೆ ಪ್ಲಾಸ್ಟಿಕ್ ಬೀಗ ಜಡಿಯುವುದು, ಇಲ್ಲವೇ ಫ್ಲಾಪಿ ಡ್ರೈವೇ ಇಲ್ಲದ ಯಂತ್ರ ಕೊಳ್ಳುವುದು. ಕೀಬೋರ್ಡಿಗೂ ಪ್ರಿಂಟರಿಗೂ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಒಂದನ್ನು ಮುಚ್ಚಿದರೆ ಇನ್ನೊಂದು ಮುಚ್ಚುತ್ತಿರಲಿಲ್ಲ ಎಂಬ ಈ ಸಣ್ಣ ಸಂಗತಿಯ ಬೆಲೆ ಗೊತ್ತಾದದ್ದು ಅದು ಕೈತಪ್ಪಿದ ಮೇಲೆ.

ಕೈತಪ್ಪಿದ್ದು 1996ರಲ್ಲಿ. ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್, ಡಿಇಸಿ, ಎನ್‌ಇಸಿ ಮತ್ತು ನಾರ್ಟೆಲ್ ಸೇರಿ ರೂಪಿಸಿದ ಯುಎಸ್‌ಬಿಯ ಮೊದಲ ನಿರ್ದಿಷ್ಟತೆ ಆ ವರ್ಷ ಜನವರಿಯಲ್ಲಿ ಹೊರಬಂತು. ಕೆಲಸದ ಮುಂದಾಳು ಬರೋಡದಲ್ಲಿ ಓದಿ ಅಮೆರಿಕದ ಇಂಟೆಲ್ ಸೇರಿದ್ದ ಅಜಯ್ ಭಟ್. ಯಾವ ತಂತಿ ಎಲ್ಲಿಗೆ ಎಂದು ತಲೆ ಕೆರೆದುಕೊಳ್ಳುವ ಕಷ್ಟ ತಪ್ಪಿಸುವುದೇ ಗುರಿ, ಮತ್ತು ಅದು ಪೂರಾ ಈಡೇರಿತು. (ಪ್ಲಗ್ಗನ್ನು ತಿರುಗಿಸಿ ಮತ್ತೆ ತಿರುಗಿಸುವ ಕಷ್ಟ ಮಾತ್ರ ಹೊಸದಾಗಿ ಸೇರಿತು.) ಆದರೆ ಆಕಾರ ಹೇಳುತ್ತಿದ್ದುದನ್ನು ಇನ್ನು ಯಾರಾದರೂ ಹೇಳಬೇಕಲ್ಲ? ಆ ಹೊಣೆ ಸಾಧನದ ಮೇಲೇ ಬಿತ್ತು. ಚುಚ್ಚಿದ ಕೂಡಲೇ ಸಾಧನ ತನ್ನ ವರ್ಗದ ಸಂಖ್ಯೆ ಹೇಳುತ್ತದೆ: 3 ಎಂದರೆ ಕೀಬೋರ್ಡ್, ಮೌಸ್‌ನಂಥದು, 7 ಎಂದರೆ ಪ್ರಿಂಟರ್, 8 ಎಂದರೆ ಮಾಹಿತಿ ಸಂಗ್ರಹ. ಕಂಪ್ಯೂಟರ್ ನಂಬುತ್ತದೆ. ಗುರುತಿನ ಚೀಟಿಯನ್ನು ಬಂದವನೇ ಬರೆದುಕೊಂಡು ಬರುವ ಏರ್ಪಾಡು ಇದು. 2014ರಲ್ಲಿ ಬರ್ಲಿನ್‌ನ ಸಂಶೋಧಕರಾದ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಪೆನ್‌ಡ್ರೈವಿನ ಒಳಗಿನ ನಿಯಂತ್ರಕ ತಂತ್ರಾಂಶವನ್ನೇ ಬದಲಿಸಿ, ಅದು ತಾನು ಕೀಬೋರ್ಡ್ ಎಂದು ಹೇಳಿಕೊಂಡು ತಾನೇ ಆಜ್ಞೆಗಳನ್ನು ಟೈಪ್ ಮಾಡುವಂತೆ ಮಾಡಿ ತೋರಿಸಿದರು. ಅವರು ಯಾವ ಬೀಗವನ್ನೂ ಒಡೆಯಬೇಕಾಗಿರಲಿಲ್ಲ. ವಿನ್ಯಾಸದಲ್ಲಿದ್ದ ನಂಬಿಕೆಯನ್ನು ಬಳಸಿಕೊಂಡರೆ ಸಾಕಾಗಿತ್ತು.

ಹೀಗೆ ಕಳೆದುಹೋದ ಭೇದವನ್ನು ತಂತ್ರಾಂಶದಲ್ಲಿ ಮತ್ತೆ ಕಟ್ಟಿಕೊಳ್ಳುವ ಪ್ರಯತ್ನವೇ ಮುಂದಿನ ಇಪ್ಪತ್ತು ವರ್ಷಗಳ ಕಥೆ. ಪೆನ್‌ಡ್ರೈವ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಆರಂಭದ ವರ್ಷಗಳಲ್ಲಿ ಸಿಸ್ಟಂ ಅಡ್ಮಿನ್‌ಗಳ ಕೈಯಲ್ಲಿದ್ದುದು ಒರಟು ಹತ್ಯಾರಗಳು: ವಿಂಡೋಸ್ ರಿಜಿಸ್ಟ್ರಿಯಲ್ಲಿ ಯುಎಸ್‌ಬಿ ಸಂಗ್ರಹದ ಡ್ರೈವರಿನ ಆರಂಭದ ಬೆಲೆಯನ್ನು 3ರಿಂದ 4ಕ್ಕೆ ತಿದ್ದಿ ಅದನ್ನು ಮಲಗಿಸುವುದು, ಅಥವಾ ಕಿಂಡಿಗೆ ಅಂಟು ಸುರಿಯುವುದು. ರಿಜಿಸ್ಟ್ರಿ ತಿದ್ದಿದರೂ ಕ್ಯಾಮೆರಾ, ಫೋನುಗಳು ಬೇರೆ ಡ್ರೈವರಿನ ಮೂಲಕ ನುಸುಳುತ್ತಿದ್ದವು. ಅಂಟು ಸುರಿದರೆ ಕೀಬೋರ್ಡಿಗೂ ಜಾಗವಿಲ್ಲ. 2004ರಲ್ಲಿ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ‘ಓದಬಹುದು, ಬರೆಯುವಂತಿಲ್ಲ’ ಎಂಬ ನಡುದಾರಿ ಕೊಟ್ಟಿತು. ಯಾವ ಕಂಪನಿಯ ಯಾವ ಸಾಧನಕ್ಕೆ ಒಪ್ಪಿಗೆ ಎಂದು ಪಟ್ಟಿ ಮಾಡುವ ಗ್ರೂಪ್ ಪಾಲಿಸಿ ವಿಂಡೋಸ್‌ನಲ್ಲೇ ಸೇರಿ ಬಂದದ್ದು ವಿಸ್ತಾದ ಕಾಲಕ್ಕೆ. ಅಷ್ಟರಲ್ಲಿ ಅನಾಹುತಗಳ ಸಾಲು ಹತ್ತಿರವಾಗಿತ್ತು. 2008ರಲ್ಲಿ ಒಂದು ಪೆನ್‌ಡ್ರೈವ್ ಮೂಲಕ ಅಮೆರಿಕದ ಸೇನಾ ಜಾಲಕ್ಕೆ ಹುಳು ಹೊಕ್ಕು, ನವೆಂಬರಿನಲ್ಲಿ ಪೆಂಟಗನ್ ಅಂಥ ಸಾಧನಗಳನ್ನೇ ನಿಷೇಧಿಸಿತು. ಅದರ ಬೆನ್ನಿಗೇ ಬಂದ ಕಾನ್‌ಫಿಕರ್ ಹುಳು ಪೆನ್‌ಡ್ರೈವ್‌ಗಳಲ್ಲೂ ಹರಡಿತು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಇಂಟರ್‌ನೆಟ್ಟಿನ ನಂಟೇ ಇಲ್ಲದ ಇರಾನಿನ ಅಣುಸ್ಥಾವರವನ್ನು ಮುಟ್ಟಿತ್ತು. ಚುಚ್ಚಿದ ಡ್ರೈವಿನಿಂದ ತಾನಾಗಿ ಪ್ರೋಗ್ರಾಂ ಓಡುವ ಆಟೋರನ್ ಸೌಲಭ್ಯವನ್ನು ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಿಂದ ಕಿತ್ತುಹಾಕಿದ್ದು 2011ರ ಫೆಬ್ರವರಿಯಲ್ಲಿ. ಈ ಯಾವ ಪ್ರಕರಣವೂ ನೌಕರ ಮಾಡಿದ ಕಳ್ಳತನದ ಕಥೆಯಲ್ಲ ಎಂಬುದನ್ನು ಗಮನಿಸಬೇಕು.

ಐರ್ಲೆಂಡಿನಲ್ಲಿ ಎಚ್ಚರ ಹುಟ್ಟಿದ್ದೂ ಕಳ್ಳತನದ ಭಯಕ್ಕಿಂತ ಕಳೆದುಕೊಳ್ಳುವ ಭಯದಿಂದ. 2007ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆ ಎರಡೂವರೆ ಕೋಟಿ ಜನರ ವಿವರಗಳಿದ್ದ ಎರಡು ಸಿಡಿಗಳನ್ನು ಅಂಚೆಯಲ್ಲಿ ಕಳೆದುಕೊಂಡಿತು. ಅದೇ ವರ್ಷ ಬ್ಯಾಂಕ್ ಆಫ್ ಐರ್ಲೆಂಡಿನ ನಾಲ್ಕು ಲ್ಯಾಪ್‌ಟಾಪ್‌ಗಳು ಕಳುವಾದವು. ಅವುಗಳಲ್ಲಿ 30 ಸಾವಿರಕ್ಕೂ ಹೆಚ್ಚು ಗ್ರಾಹಕರ ವಿವರಗಳು ಗೂಢಲಿಪಿಯಿಲ್ಲದೆ ಬರಿದಾಗಿ ಇದ್ದವು, ಮತ್ತು ವಿಷಯ ಹೊರಬಿದ್ದದ್ದು 2008ರ ಏಪ್ರಿಲಿನಲ್ಲಿ. 1988ರ ದತ್ತಾಂಶ ರಕ್ಷಣಾ ಕಾಯ್ದೆ, ಅದರ 2003ರ ತಿದ್ದುಪಡಿ ‘ತಕ್ಕ ಭದ್ರತೆ’ ಕೇಳುತ್ತಲೇ ಇದ್ದವು. ತಕ್ಕದ್ದು ಎಂದರೆ ಎಷ್ಟು ಎಂಬುದಕ್ಕೆ ಉತ್ತರ ಕೊಟ್ಟದ್ದು ಇಂಥ ಪ್ರಕರಣಗಳು. ಯುರೋಪಿನ ದತ್ತಾಂಶ ಹೊರದೇಶಕ್ಕೆ ಹೋದಾಗ ಈ ಷರತ್ತುಗಳೂ ಕರಾರಿನೊಳಗೆ ಕೂತು ಹೊರಟವು. 2006ರಲ್ಲಿ ಬೆಂಗಳೂರಿನ ಎಚ್‌ಎಸ್‌ಬಿಸಿ ಕೇಂದ್ರದ ನೌಕರನೊಬ್ಬ ಬ್ರಿಟನ್ನಿನ ಗ್ರಾಹಕರ ವಿವರ ದಾಟಿಸಿದ ಆರೋಪದ ಮೇಲೆ ಬಂಧಿತನಾದ ಮೇಲಂತೂ ನಮ್ಮ ಹೊರಗುತ್ತಿಗೆ ಕಚೇರಿಗಳ ಮೇಲೆ ಕಣ್ಣು ಹೆಚ್ಚಾಯಿತು. ಫೋನನ್ನು ಬಾಗಿಲಲ್ಲೇ ಇಟ್ಟು, ಪೆನ್ನು ಕಾಗದವಿಲ್ಲದೆ ಒಳಗೆ ಹೋಗುವ ಪದ್ಧತಿ ಆ ಕಾಲದ್ದು. ಬೆಂಗಳೂರು ಮತ್ತು ಲೂಕನ್‌ನ ಪರದೆಗಳಲ್ಲಿ ಒಂದೇ ಸೂಚನೆ ಮೂಡುವುದರ ಹಿಂದೆ ಈ ಕರಾರುಗಳ ಕೈ ಇದೆ.

ಕಿಂಡಿಗೆ ಬೀಗ ಹಾಕುವುದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದೂ ಐರ್ಲೆಂಡಿನದೇ. 2021ರ ಮೇ 14ರಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ ಎಚ್‌ಎಸ್‌ಇಯ ಕಂಪ್ಯೂಟರ್ ಜಾಲ ರ‍್ಯಾನ್ಸಮ್‌ವೇರ್ ದಾಳಿಗೆ ಕುಸಿದು, ಆಸ್ಪತ್ರೆಗಳು ಕಾಗದ ಪೆನ್ನಿಗೆ ಮರಳಿದವು. ದಾಳಿ ಒಳಬಂದದ್ದು ಪೆನ್‌ಡ್ರೈವಿನಿಂದಲ್ಲ. ಮಾರ್ಚ್ 18ರಂದು ಯಾರೋ ತೆರೆದ ಒಂದು ಇಮೇಲಿನ ಎಕ್ಸೆಲ್ ಕಡತದಿಂದ. ಹಾಗಾದರೆ ಕಿಂಡಿ ಮುಚ್ಚಿ ಏನು ಫಲ? ಪ್ರಶ್ನೆ ನ್ಯಾಯವಾದದ್ದು, ಆದರೆ ಅದು ಸಾಬೀತು ಮಾಡುವುದು ಕಿಂಡಿಯ ಬೀಗ ಸಾಲದು ಎಂಬುದನ್ನೇ ಹೊರತು ಬೇಡ ಎಂಬುದನ್ನಲ್ಲ. ಇಮೇಲನ್ನು ದಾರಿಯಲ್ಲೇ ಸೋಸಬಹುದು, ಯಾವಾಗ ಯಾರಿಂದ ಬಂತೆಂಬ ದಾಖಲೆ ಇರುತ್ತದೆ. ಮೇಜಿನ ಮೇಲಿನ ಡ್ರೈವಿಗೆ ನಡುವೆ ಅಂಥ ಕಾವಲಿಲ್ಲ. ಗೂಢಲಿಪಿ ಇದ್ದರೆ ಸಾಕಲ್ಲವೇ ಎಂಬುದು ಇನ್ನೊಂದು ವಾದ. 2008ರ ಫೆಬ್ರವರಿಯಲ್ಲಿ ಐರಿಷ್ ರಕ್ತ ಪೂರಣ ಸೇವೆಯ 1,71,000ಕ್ಕೂ ಹೆಚ್ಚು ರಕ್ತದಾನಿಗಳ ದಾಖಲೆಗಳಿದ್ದ ಲ್ಯಾಪ್‌ಟಾಪ್ ನ್ಯೂಯಾರ್ಕಿನಲ್ಲಿ ಕಳುವಾದಾಗ ಗೂಢಲಿಪಿ ಇದ್ದುದರಿಂದಲೇ ಅವು ಬಯಲಾಗಲಿಲ್ಲ. ಅದು ಒಪ್ಪತಕ್ಕದ್ದು. ಆದರೆ ಗೂಢಲಿಪಿ ಕಳೆದುಹೋದ ಯಂತ್ರವನ್ನು ಕಾಯುತ್ತದೆ. ಲಾಗಿನ್ ಆಗಿರುವ ಯಂತ್ರಕ್ಕೆ ಹುಳು ಹೊತ್ತು ಬರುವ ಸಾಧನವನ್ನು ತಡೆಯದು.

ನೌಕರರ ಘನತೆಯ ಪ್ರಶ್ನೆ ಇವೆರಡಕ್ಕಿಂತ ಆಳದ್ದು. ಎಲ್ಲರನ್ನೂ ಶಂಕಿತರಂತೆ ನೋಡುವ ವ್ಯವಸ್ಥೆ ಹಿತವಲ್ಲ. ಆದರೆ ಬೀಗಕ್ಕೆ ಬದಲಾಗಿ ಸಾಮಾನ್ಯವಾಗಿ ಬರುವುದು ಸ್ವಾತಂತ್ರ್ಯವಲ್ಲ, ನಿಗಾ: ಯಾರು ಏನನ್ನು ಯಾವಾಗ ನಕಲು ಮಾಡಿದರೆಂದು ಬರೆದಿಡುವ ತಂತ್ರಾಂಶ. ಯುರೋಪಿನ ದತ್ತಾಂಶ ರಕ್ಷಣಾ ಪ್ರಾಧಿಕಾರಗಳ ಕೂಟ 2017ರ ತನ್ನ ಅಭಿಪ್ರಾಯದಲ್ಲಿ ಕೆಲಸದ ಜಾಗದಲ್ಲಿ ಪತ್ತೆಗಿಂತ ತಡೆಗೆ ಹೆಚ್ಚು ಒತ್ತು ಇರಬೇಕೆಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಬರ್ಬುಲೆಸ್ಕು ಪ್ರಕರಣದಲ್ಲಿ, ಮೊದಲೇ ಸರಿಯಾಗಿ ತಿಳಿಸದೆ ನೌಕರನ ಸಂದೇಶಗಳನ್ನು ಓದಿದ್ದು ಅವನ ಖಾಸಗಿತನದ ಉಲ್ಲಂಘನೆ ಎಂದು ತೀರ್ಪಿತ್ತಿತು. ಈ ಬೆಳಕಿನಲ್ಲಿ, ಮುಚ್ಚಿದ ಕಿಂಡಿ ಸದಾ ತೆರೆದ ಕಣ್ಣಿಗಿಂತ ಹೆಚ್ಚು ಮರ್ಯಾದೆಯದು. ಅದು ಎಲ್ಲರಿಗೂ ಒಂದೇ ಮಾತು ಹೇಳುತ್ತದೆ, ಯಾರ ಲೆಕ್ಕವನ್ನೂ ಇಡುವುದಿಲ್ಲ. ಷರತ್ತು ಇಷ್ಟೇ: ವಿನಾಯಿತಿಯ ದಾರಿ ಬೇಗ ಸಾಗಬೇಕು. ವಿಶೇಷ ಕೀಬೋರ್ಡ್ ಬೇಕಾದವರು, ಬ್ರೈಲ್ ಪರದೆ ಬಳಸುವವರು ಹೆಲ್ಪ್‌ಡೆಸ್ಕಿಗೆ ಟಿಕೆಟ್ ಹಾಕಿ ವಾರಗಟ್ಟಲೆ ಕಾಯುವಂತಾದರೆ ಆ ನೀತಿ ಭದ್ರತೆಯ ಹೆಸರಿನಲ್ಲಿ ನಡೆದ ಸೋಮಾರಿತನ. ಮತ್ತು ನಿಯಮ ಹಿರಿಯ ಅಧಿಕಾರಿಗಳ ಲ್ಯಾಪ್‌ಟಾಪಿಗೂ ಅನ್ವಯಿಸಬೇಕು. ವಿನಾಯಿತಿ ಮೊದಲು ಸಿಗುವುದು ಯಾರಿಗೆ ಎಂಬುದು ಕಚೇರಿಗಳಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ.

ಈ ನಡುವೆ ಕಿಂಡಿ ಇನ್ನಷ್ಟು ಹಿಗ್ಗಿದೆ. ಯುಎಸ್‌ಬಿ-ಸಿ ಬಂದ ಮೇಲೆ ಮಾನಿಟರ್, ನೆಟ್‌ವರ್ಕ್ ತಂತಿ, ಚಾರ್ಜರ್ ಎಲ್ಲವೂ ಅದರೊಳಗೇ. ಯುರೋಪಿನ ಒಕ್ಕೂಟ 2022ರ ನಿರ್ದೇಶನದ ಮೂಲಕ ಚಾರ್ಜಿಂಗಿಗೆ ಈ ಕಿಂಡಿಯನ್ನು ಕಾನೂನೇ ಮಾಡಿತು: ಫೋನುಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ. ಇ-ತ್ಯಾಜ್ಯ ತಗ್ಗಿಸುವ ಉದ್ದೇಶಕ್ಕೆ ಯಾರದೂ ತಕರಾರಿಲ್ಲ. ಆದರೆ ಅಡ್ಮಿನ್ ಹಿಂದಿನಂತೆ ಅಂಟು ಸುರಿದರೆ ಈಗ ಲ್ಯಾಪ್‌ಟಾಪಿಗೆ ಕರೆಂಟೂ ಹೋಗುವುದಿಲ್ಲ. ಉಳಿದಿರುವುದು ಸಾಧನ ತಾನಾಗಿ ಹೇಳಿಕೊಳ್ಳುವ ಗುರುತನ್ನು ಪಟ್ಟಿಯೊಂದಿಗೆ ಹೋಲಿಸುವ ತಂತ್ರಾಂಶ ಮಾತ್ರ, ಮತ್ತು ಆ ಗುರುತನ್ನು ಈಗಲೂ ಬಹುಪಾಲು ಸಾಧನವೇ ಬರೆದುಕೊಂಡು ಬರುತ್ತದೆ.